ಕಲಂ ಏಳು

ತಾಲೂಕು ಕಚೇರಿಯಿಂದ ಬಂದ ನಮೂನೆಯಲ್ಲಿ
ಕಲಂ ಏಳು: ಗ್ರಾಮದ ಇತಿಹಾಸ ಮತ್ತು ಪರಂಪರೆ.
ಅದಕ್ಕೆಂದು ಬಿಟ್ಟ ಜಾಗ
ಒಂದು ಬೀಡಿಕಟ್ಟಿನಷ್ಟು.

ನಾನು ಹಲಗಣಿಹಾಳದ ಗ್ರಂಥಾಲಯದವಳು,
ಇನ್ನೂರಾ ಹದಿನೆಂಟು ಪುಸ್ತಕ, ಎರಡು ಕುರ್ಚಿ,
ನಿಂತ ಒಂದು ಗಡಿಯಾರ.
ಬರೆಯುವ ಕೆಲಸವಿದ್ದರಷ್ಟೇ
ಪಂಚಾಯ್ತಿಗೆ ನೆನಪಾಗುವವಳು.

ಬರೆದೆ:
ಡೋಣಿ ದಂಡೆಯ ಊರು. ನೀರು ಉಪ್ಪು, ಮಣ್ಣು ಕಪ್ಪು.
ಅಗಸಿ ಇದೆ, ಅದಕ್ಕೆ ಬಾಗಿಲಿಲ್ಲ.
ಹುಡೇ ಇತ್ತು; ಅದರ ಮಣ್ಣು ಈಗ
ನಾಲ್ಕು ಮನೆಗಳ ಮಾಳಿಗೆ ಮೇಲಿದೆ.

ಮುಂದಿನ ಸಾಲಿಗೆ ಪೆನ್ನು ಕಚ್ಚುತ್ತ ಕೂತಿದ್ದೆ,
ನೀರಿನ ಪೈಪಿಗೆ ನೆಲ ತೋಡುತ್ತಿದ್ದ ಜೆಸಿಬಿ
ನಡು ಓಣಿಯಲ್ಲಿ ಮುಗ್ಗರಿಸಿ ನಿಂತಿತು,
ಮೊಣಕಾಲೂರಿದ ಕೋಣದ ಹಾಗೆ.

ಹಗೇವು! ಹಗೇವು!

ಕಿರಿದಾದ ಕೊರಳು, ಒಳಗೆ ಆನೆಯ ಹೊಟ್ಟೆ.
ಸಗಣಿ ಬಳಿದ ಗೋಡೆಯಿಂದ
ಮುಗ್ಗಿದ ಜೋಳದ ವಾಸನೆ ಮೇಲೆದ್ದು
ಓಣಿಯ ನಾಯಿಗಳೆಲ್ಲ ಹಿಂದಕ್ಕೆ ಸರಿದವು.
ಹುಡುಗರು ಬಗ್ಗಿ ಫೋನಿನ ಬೆಳಕು ಬಿಟ್ಟರು.
"ಅದು ಬ್ಯಾಡ್ರೋ," ಅಂದ ಚಾಂದಸಾಬ ನದಾಫ,
"ಅದು ಆರಾಂಗಿಲ್ಲ.
ಇದಕ್ಕ ಆರೋ ದೀಪಾನ ಬೇಕು."

ಹಗ್ಗಕ್ಕೆ ಚಿಮಣಿ ಕಟ್ಟಿ ಇಳಿಬಿಟ್ಟರು.
ಮೊಳ, ಎರಡು ಮೊಳ, ಆಳುದ್ದ.
ಕುಡಿ ಸಣ್ಣದಾಯ್ತು, ನೀಲಿಯಾಯ್ತು,
ಯಾರೋ ಚಿವುಟಿದಂತೆ ಹೋಯ್ತು.

"ನಮ್ಮ ಮುತ್ತ್ಯಾಂದು," ಅಂದರು ಗೌಡರ ಮನೆಯವರು,
"ಎಂಬತ್ತು ಚೀಲ ಹಿಡೀತಿತ್ತು.
ಊರಿಗೆ ಊರನ್ನ ಸಾಕೇತಿ."
ಎಂಬತ್ತು ಚೀಲ, ಎಂದು ಅಂಗೈ ಮೇಲೆ ಬರೆದುಕೊಂಡೆ.

ಬೇವಿನ ನೆರಳಲ್ಲಿ, ಎಲ್ಲರಿಂದ ಹತ್ತು ಮಾರು ದೂರ,
ತಾಯವ್ವ ಮಾದರ ನಿಂತಿದ್ದಳು.
ಬಗ್ಗಿ ನೋಡಲಿಲ್ಲ. ಅಲ್ಲಿಂದಲೇ ಅಂದಳು:
"ಅವತ್ತೂ ಆರಿತ್ತು."

ಯಾರೂ ಏನೆಂದು ಕೇಳಲಿಲ್ಲ.

"ಚಿಮಣಿ ಆರೇತ್ರಿ ಗೌಡ್ರ, ಅಂದ ನಮ್ಮಣ್ಣ.
ಗಾಳಿಗಿ ಆರಿರತೈತಿ ಇಳಿಯೋ, ಅಂದ್ರು.
ಇಳದ."

ಗೌಡರ ಮೊಮ್ಮಗ ಚಪ್ಪಲಿಯ ಮಣ್ಣು ಕೊಡವಿಕೊಂಡ.
ಕಂತ್ರಾಟುದಾರ ಹೊತ್ತು ನೋಡಿದ.

"ಹೆಸರೇನಿತ್ತಬೇ?" ಅಂದೆ ನಾನು.

ತಟ್ಟನೆ ಹೇಳಲಿಲ್ಲ ಅವಳು.
ಎಪ್ಪತ್ತು ವರ್ಷ ಮುಚ್ಚಿಟ್ಟದ್ದು,
ಬಂಡೆ ಸರಿಸಿದ ಮೇಲೂ ತುಸು ಹೊತ್ತು
ಗಾಳಿಯಾಡಬೇಕಲ್ಲ.

"ಲಗಮ," ಅಂದಳು.
ಆಮೇಲೆ, "ಎಡಗೈಯಾಂವ."
ಆಮೇಲೆ, ಬಹಳ ಹೊತ್ತಿನ ಮೇಲೆ,
"ಒಂದು ಪಡಿ ಜ್ವಾಳ ಕೊಟ್ಟಿದ್ರು ಮನೀಗಿ.
ಅವ್ವ ಬೀಸಲಿಲ್ಲ.
ಗುಬ್ಬಿಗಿ ಚೆಲ್ಲಿದ್ಲು. ಗುಬ್ಬಿ ತಿಂದ್ವು."

ಮೂರು ಟಿಪ್ಪರ್ ಗರಸು ನುಂಗಿತು ಹಗೇವು.
ನಾಲ್ಕನೆಯ ದಿನ ಕಾಂಕ್ರೀಟು,
ಹಸಿ ಸಿಮೆಂಟಿನ ಮೇಲೆ ಯಾರದೋ ಕೋಳಿಯ ಹೆಜ್ಜೆ.

ಕಲಂ ಏಳರ ಜಾಗ ಮಾತ್ರ ಬೆಳೆಯಲಿಲ್ಲ.
ಅಗಸಿ ಹೊಡೆದುಹಾಕಿದೆ, ಹುಡೇ ಹೊಡೆದುಹಾಕಿದೆ,
ಡೋಣಿಯನ್ನು ಮನಸ್ಸಾಗದೆ ಬಿಟ್ಟೆ.
ಬರೆದೆ: ಲಗಮ, ಎಡಗೈಯವನು.
ದೀಪ ಆರಿದೆಯೆಂದು ಹೇಳಿದ್ದನು.

ವಾರದ ಮೇಲೆ ಕಚೇರಿಯಿಂದ ಫೋನು:
"ಮೇಡಂ, ಈ ಲಗಮ ಯಾವ ಶತಮಾನದವರು?
ಶಾಸನ ಏನಾದ್ರೂ ಐತೇನು? ಸರ್ವೆ ನಂಬರು?"

ಕಿಟಕಿಯಾಚೆ ತಾಯವ್ವ
ರೇಶನ್ ಚೀಲ ಹಿಡಿದು ಹೋಗುತ್ತಿದ್ದಳು.
ಹೊಸ ರಸ್ತೆ, ನೆಟ್ಟಗೆ, ನುಣ್ಣಗೆ.
ಅಲ್ಲಿ ಬಂದಾಗಷ್ಟೇ
ಒಂದಿಷ್ಟು ಬದಿಗೆ ಸರಿದು, ಬಳಸಿ ನಡೆದಳು,
ಮಲಗಿದವರನ್ನು
ದಾಟಬಾರದಲ್ಲ, ಹಾಗೆ.

"ಹಲೋ, ಮೇಡಂ? ಕೇಳಸ್ತೈತೇನು?"